ಟರ್ಬೊ ಬದಲಿಸುವ ಮುನ್ನ ಆಯಿಲ್ ಪೈಪ್ ನೋಡಿ

ಮಾನ್ಯ ಸಂಪಾದಕರಿಗೆ,

‘ಟರ್ಬೊ ಇರುವ ಗಾಡಿಯ ಸಹವಾಸವೇ ಬೇಡ, ಒಂದು ಲಕ್ಷ ಕಿಲೋಮೀಟರ್‌ಗೆ ಅದು ಕೈ ಕೊಡುತ್ತದೆ’ ಎಂದು ನಿಮ್ಮ ಓದುಗರೊಬ್ಬರು ಹಳೆ ಕಾರು ಕೊಳ್ಳುವವರಿಗೆ ಸಲಹೆ ಕೊಟ್ಟಿದ್ದರು. ನಾನು ಪಿಂಪ್ರಿಯಲ್ಲಿ ಕಾರಿನ ಬಿಡಿಭಾಗದ ಅಂಗಡಿ ಇಟ್ಟುಕೊಂಡವನು. ಜನ ಹೀಗೆ ಹೆದರಿದಷ್ಟೂ ನನಗೆ ವ್ಯಾಪಾರವೇ. ಆದರೂ ಆ ಮಾತು ಸರಿಯಲ್ಲ. ಅದೂ ಅಲ್ಲದೆ ಟರ್ಬೊ ಬೇಡ ಅಂದರೆ ಈಗ ಡೀಸೆಲ್ ಕಾರನ್ನೇ ಮರೆಯಬೇಕು. ನೆಕ್ಸಾನ್, ವೆನ್ಯೂ, ಫ್ರಾಂಕ್ಸ್‌ನಂಥ ಪೆಟ್ರೋಲ್ ಗಾಡಿಗಳಲ್ಲೂ ಟರ್ಬೊ ಬಂದಾಗಿದೆ.

ಸರಿಯಾಗಿ ನೋಡಿಕೊಂಡ ಟರ್ಬೊ ಒಂದೂವರೆ, ಎರಡು ಲಕ್ಷ ಕಿ.ಮೀ. ಆರಾಮಾಗಿ ಓಡುತ್ತದೆ. ಎಂಜಿನ್ ಇರುವಷ್ಟು ದಿನ ಬಾಳಲಿ ಅಂತಲೇ ಕಂಪನಿಯವರು ಅದನ್ನು ಮಾಡಿರುತ್ತಾರೆ. ಹಾಗಾದರೆ ಕೆಲವರದ್ದು ಅರವತ್ತು ಸಾವಿರಕ್ಕೇ ಯಾಕೆ ಹೋಗುತ್ತದೆ?

ಟರ್ಬೊ ಒಳಗೆ ಇರುವುದು ಒಂದು ಸಣ್ಣ ಶಾಫ್ಟ್, ಅದರ ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿಂದ ಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಜೋರು ಹೊಡೆದಾಗ ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ, ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಎರಡು ಲಕ್ಷವೂ ಮೀರುತ್ತದೆ. ಪೆಟ್ರೋಲ್ ಕಾರಿನ ಹೊಗೆಯ ಬಿಸಿ 900 ಡಿಗ್ರಿ ದಾಟುವುದುಂಟು. ಇಷ್ಟೆಲ್ಲ ಇದ್ದೂ ಹೆಚ್ಚಿನ ಕಾರುಗಳ ಟರ್ಬೊದಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟ್ ತೇಲುವುದು ಕೂದಲಿಗಿಂತ ತೆಳ್ಳಗಿನ ಆಯಿಲ್ ಪದರದ ಮೇಲೆ. ಆ ಆಯಿಲ್ ಕೆಲವೇ ಸೆಕೆಂಡು ಬರದಿದ್ದರೂ ಲೋಹಕ್ಕೆ ಲೋಹ ತಾಗಿ ಕಥೆ ಮುಗಿಯಿತು. ನನ್ನ ಕೌಂಟರಿಗೆ ಬರುವ ಸತ್ತ ಟರ್ಬೊಗಳಲ್ಲಿ ಶಾಫ್ಟ್ ನೀಲಿ ಬಣ್ಣಕ್ಕೆ ತಿರುಗಿದವೇ ಜಾಸ್ತಿ. ಆಯಿಲ್ ಸಿಗದೆ ಸುಟ್ಟಿದ್ದಕ್ಕೆ ಅದೇ ಗುರುತು.

ಗ್ಯಾರೇಜಿನವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಟರ್ಬೊ ಹೋಯಿತು ಅಂದ ಕೂಡಲೇ ಹೊಸದು ತಂದು ಕೂರಿಸುತ್ತಾರೆ, ಹಳೆಯದು ಯಾಕೆ ಹೋಯಿತು ಅಂತ ನೋಡುವುದಿಲ್ಲ. ಪುಣೆ–ಹುಬ್ಬಳ್ಳಿ ಬಾಡಿಗೆ ಓಡಿಸುವ ಹುಡುಗನೊಬ್ಬ ನಮ್ಮಲ್ಲಿ ಟರ್ಬೊ ಒಯ್ದಿದ್ದ. ತಿಂಗಳು ತುಂಬುವುದರೊಳಗೆ ವಾಪಸ್ ಬಂದ, ‘ಅಣ್ಣಾರ, ನಿಮ್ಮ ಮಾಲೇ ಸರಿ ಇಲ್ರಿ’ ಅಂತ. ಗ್ಯಾರೇಜಿನವನು ಹಾಗೆ ಹೇಳಿ ಕಳಿಸಿದ್ದ. ಗಾಡಿ ತರಿಸಿ, ಟರ್ಬೊಗೆ ಆಯಿಲ್ ಒಯ್ಯುವ ಪೈಪ್ ಬಿಚ್ಚಿಸಿ ನೋಡಿದರೆ ಅದನ್ನು ಕೂರಿಸುವ ತೂತಿನ ಬೋಲ್ಟ್ ಒಳಗಿನ ಜಾಲರಿ ಕರೀ ಕಾರ್ಬನ್ನಿನಿಂದ ಮುಚ್ಚಿಹೋಗಿತ್ತು. ಸಾಲದ್ದಕ್ಕೆ ಪೈಪಿನ ಬಾಯಲ್ಲಿ ಕೆಂಪು ಸಿಲಿಕೋನ್ ತುಂಡು ಸಿಕ್ಕಿಕೊಂಡಿತ್ತು. ಗ್ಯಾಸ್ಕೆಟ್ ಹಾಕುವ ಕಡೆ ಗಮ್ ಹಚ್ಚಿದ್ದಾರೆ, ಅದು ಕಿತ್ತು ಒಳಗೆ ಹೋಗಿದೆ. ಇನ್ನು ಮೂರನೇ ಟರ್ಬೊ ಹಾಕಿದರೂ ಅಷ್ಟೇ ದಿನ ಬರುತ್ತಿತ್ತು, ಅಲ್ವಾ? ಆ ಪೈಪಿನ ಬೆಲೆ ಟರ್ಬೊ ಬೆಲೆಯ ಮುಂದೆ ಏನೂ ಅಲ್ಲ. ಟರ್ಬೊ ಬದಲಿಸುವಾಗ ಆಯಿಲ್ ಬರುವ ಪೈಪ್ ಹೊಸದು ಹಾಕಿಸಿ, ಆಯಿಲ್ ವಾಪಸ್ ಇಳಿಯುವ ಪೈಪ್ ತೊಳೆಸಿ, ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಲ್ಲಿ ನಿಂತ ಹಳೆ ಆಯಿಲ್ ಚೆಲ್ಲಿಸಿ. ಸ್ಟಾರ್ಟ್ ಮಾಡುವ ಮುನ್ನ ಟರ್ಬೊಗೆ ಆಯಿಲ್ ಬರುವ ತೂತಿಗೆ ಒಂದಿಷ್ಟು ಆಯಿಲ್ ಹಾಕಿದರಾ ಅಂತಲೂ ಕೇಳಿ. ಹುಬ್ಬೇರಿಸಿದರೆ ಏರಿಸಲಿ ಬಿಡಿ.

ಆಯಿಲ್ ಬದಲಿಸುವ ಲೆಕ್ಕದಲ್ಲೂ ಜನ ಎಡವುತ್ತಾರೆ. ಹತ್ತು ಸಾವಿರ ಕಿ.ಮೀ. ಅಥವಾ ಒಂದು ವರ್ಷ ಅಂತ ಗಾಡಿಯ ಜೊತೆ ಬರುವ ಪುಸ್ತಕದಲ್ಲಿದ್ದರೆ ಯಾವುದು ಮೊದಲೋ ಅದು. ವರ್ಷಕ್ಕೆ ನಾಲ್ಕು ಸಾವಿರ ಓಡುವ ಗಾಡಿ ಅಂತ ಎರಡೂವರೆ ವರ್ಷ ಅದೇ ಆಯಿಲ್ ಇಟ್ಟುಕೊಳ್ಳಬೇಡಿ. ಮುಂಬೈನಲ್ಲಿ ಅಂಧೇರಿಯಿಂದ ಠಾಣೆಗೆ ಆಮೆಯಂತೆ ತೆವಳುವ ಗಾಡಿಯ ಎಂಜಿನ್ ಗಂಟೆಗಟ್ಟಲೆ ಓಡಿರುತ್ತದೆ, ಮೀಟರ್ ಮಾತ್ರ ಮುಂದೆ ಹೋಗಿರುವುದಿಲ್ಲ. ಅಂಥ ಓಡಾಟಕ್ಕೆ ಬೇಗ ಬದಲಿಸಿ ಎಂದು ಪುಸ್ತಕದಲ್ಲೇ ಬೇರೆ ಲೆಕ್ಕ ಕೊಟ್ಟಿರುವುದುಂಟು, ಓದುವವರು ಕಡಿಮೆ. ಗ್ರೇಡ್ ಕೂಡ ಪುಸ್ತಕದಲ್ಲಿ ಹೇಳಿದ್ದೇ ಇರಲಿ. 2020ರ ನಂತರದ ಬಿಎಸ್6 ಡೀಸೆಲ್‌ಗಳಿಗೆ ಬೂದಿ ಕಡಿಮೆ ಇರುವ ಆಯಿಲ್ಲೇ ಬೇಕು. ಇಲ್ಲದಿದ್ದರೆ ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಂಡು ಅದರ ಒತ್ತಡ ಹಿಂದಕ್ಕೆ ಟರ್ಬೊ ಮೇಲೇ ಬೀಳುತ್ತದೆ.

ಇನ್ನು ಎಂಜಿನ್ ಆಫ್ ಮಾಡುವ ವಿಚಾರ. ಐದು ನಿಮಿಷ ಸುಮ್ನೆ ಓಡಬೇಕು ಅಂತ ಮನೆ ಮುಂದೆ ಹೊಗೆ ಬಿಡುತ್ತಾ ನಿಲ್ಲುವವರಿದ್ದಾರೆ. ಅಷ್ಟೇನೂ ಬೇಡ. ಕೊನೆಯ ಎರಡು ಕಿಲೋಮೀಟರ್ ಊರೊಳಗೆ ನಿಧಾನ ಬಂದರೆ ಟರ್ಬೊ ದಾರಿಯಲ್ಲೇ ತಣ್ಣಗಾಗಿರುತ್ತದೆ. ಹೊಸ ಪೆಟ್ರೋಲ್ ಗಾಡಿಗಳಲ್ಲಿ ಟರ್ಬೊಗೆ ನೀರಿನ ತಂಪೂ ಇರುತ್ತದೆ. ಕೆಲವದರಲ್ಲಿ ಎಂಜಿನ್ ಆಫ್ ಆದ ಮೇಲೂ ಒಂದು ಕರೆಂಟ್ ಪಂಪ್ ಓಡುತ್ತಿರುತ್ತದೆ, ಆ ಸದ್ದು ಕೇಳಿ ಗಾಬರಿ ಆಗಬೇಡಿ. ಆದರೆ ಪುಣೆ–ಸಾತಾರಾ ದಾರಿಯ ಖಂಬಾಟ್ಕಿ ಘಾಟನ್ನು ತುಂಬಿದ ಗಾಡಿಯಲ್ಲಿ ಜೋರಾಗಿ ಹತ್ತಿ, ಮೇಲೆ ಬರುತ್ತಲೇ ಮಿಸಳ್ ತಿನ್ನಲು ಪಕ್ಕಕ್ಕೆ ಹಾಕಿ ಕೀಲಿ ತಿರುಗಿಸುವುದು ಬೇರೆ. ಆಗ ಟರ್ಬೊ ಒಳಗೆ ನಿಂತ ಆಯಿಲ್ ಸುಟ್ಟು ಕಾರ್ಬನ್ ಆಗುತ್ತದೆ, ಮೇಲೆ ಹೇಳಿದ ಪೈಪ್ ಮುಚ್ಚುವುದು ಇದರಿಂದಲೇ. ಒಂದು ನಿಮಿಷ ಓಡಲಿ ಬಿಡಿ, ಅಷ್ಟರಲ್ಲಿ ಮಕ್ಕಳು ಇಳಿಯುತ್ತಾರೆ. ಆಫ್ ಮಾಡುವ ಮುನ್ನ ಒಮ್ಮೆ ರೇಸ್ ಕೊಡುವ ಹಳೇ ಲಾರಿ ಚಾಳಿ ಇದ್ದರೆ ದಯವಿಟ್ಟು ಬಿಡಿ: ಎಂಜಿನ್ ನಿಂತ ಕೂಡಲೇ ಆಯಿಲ್ ಪಂಪ್ ನಿಲ್ಲುತ್ತದೆ, ಟರ್ಬೊ ಮಾತ್ರ ಆ ರೇಸಿನ ವೇಗದಲ್ಲಿ ಒಣಗಿ ತಿರುಗುತ್ತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಅದೇ, ಮೊದಲ ಕೆಲವು ನಿಮಿಷ ಕಾಲು ಹಗುರ ಇರಲಿ.

ಚಾಕಣ, ಮೋಶಿ ಕಡೆ ಧೂಳಿನಲ್ಲಿ ಓಡಾಡುವವರು ಏರ್ ಫಿಲ್ಟರ್ ಮೇಲೆ ಕಣ್ಣಿಡಿ.

ಪಿಕಪ್ ಬಿತ್ತು ಅಂದರೆ ಟರ್ಬೊನೇ ಹೋಯಿತು ಅಂತಲ್ಲ. ಇಂಟರ್‌ಕೂಲರ್ ಹೋಸ್ ಸೀಳಿದರೂ ಪಿಕಪ್ ಬೀಳುತ್ತದೆ, ‘ಬುಸ್’ ಅಂತ ಗಾಳಿ ಸೋರುವ ಸದ್ದು ಬರುತ್ತದೆ. ಮಳೆಗಾಲದಲ್ಲಿ ಬಾನೆಟ್ ಒಳಗೆ ಸೇರುವ ಇಲಿ ಟರ್ಬೊವನ್ನು ಹಿಡಿತದಲ್ಲಿಡುವ ವ್ಯಾಕ್ಯೂಮ್ ಪೈಪ್ ಕಡಿದರೂ ಹಾಗೇ. ಊರೊಳಗೇ ಓಡುವ ಡೀಸೆಲ್‌ಗಳಲ್ಲಿ ಟರ್ಬೊದ ಒಳಗೆ ಹೊಗೆಯ ಹರಿವನ್ನು ಹೊಂದಿಸುವ ರೆಕ್ಕೆಗಳು ಮಸಿ ಹಿಡಿದು ಅಂಟಿಕೊಳ್ಳುತ್ತವೆ, ಎಷ್ಟೋ ಸಲ ಬಿಚ್ಚಿ ಕ್ಲೀನ್ ಮಾಡಿದರೆ ಸಾಕು. ಸೈರನ್ ತರಹ ಕೂಗು, ನೀಲಿ ಹೊಗೆ, ಪದೇ ಪದೇ ಆಯಿಲ್ ಇಳಿಯುವುದು, ಇವು ಒಟ್ಟಿಗೆ ಬಂದರೆ ಟರ್ಬೊ ಮೇಲೆ ಅನುಮಾನ ಪಡಿ, ಗಾಡಿ ಓಡಿಸಬೇಡಿ.

ಹಳೆ ಕಾರು ನೋಡಲು ಹೋದಾಗ ಮೆಕ್ಯಾನಿಕ್ ಶಾಫ್ಟ್ ಹಿಡಿದು ಅಲ್ಲಾಡಿಸಿ ‘ಪ್ಲೇ ಇದೆ, ಹೋಗಿದೆ’ ಅನ್ನಬಹುದು. ಅಕ್ಕಪಕ್ಕ ಸ್ವಲ್ಪ ಅಲುಗಾಡುವುದು ಸಹಜ, ಆಯಿಲ್ ತುಂಬುವ ಜಾಗ ಅದು. ಚಕ್ರ ಗೋಡೆಗೆ ತಾಗಬಾರದು, ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಸರಿದಾಡಬಾರದು. ಇನ್‌ಟೇಕ್ ಪೈಪಿನಲ್ಲಿ ತೆಳ್ಳಗೆ ಆಯಿಲ್ ಪಸೆ ಇರುವುದಕ್ಕೂ ಹೆದರಬೇಕಿಲ್ಲ.

ಬದಲಿಸಲೇಬೇಕಾಗಿ ಬಂದರೆ ಬಿಚ್ಚಿದ ಟರ್ಬೊವನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ರಿಪೇರಿ ಮಾಡುವವರು ಅದಕ್ಕೆ ದುಡ್ಡು ಕೊಟ್ಟು ಒಯ್ಯುತ್ತಾರೆ, ಆ ದುಡ್ಡು ನಿಮ್ಮದು. ಎಷ್ಟೋ ಸಲ ಕವಚ ಚೆನ್ನಾಗಿದ್ದು ಶಾಫ್ಟ್, ಚಕ್ರ ಇರುವ ಒಳಗಿನ ಕಾರ್ಟ್ರಿಜ್ ಒಂದನ್ನೇ ಬದಲಿಸಿದರೂ ಸಾಕಾಗುತ್ತದೆ, ಹೊಸದಕ್ಕಿಂತ ಎಷ್ಟೋ ಕಡಿಮೆಗೆ.

— ಓದುಗ, ಪಿಂಪ್ರಿ, ಪುಣೆ