ಸ್ಕಾಲರ್‌ಶಿಪ್ ಕೊಟ್ಟವರಿಗೂ, ಅದು ತಲುಪದ ಕಡೆ ಕೈಹಿಡಿದವರಿಗೂ

ನನ್ನ ಮಾಸ್ಟರ್ಸ್ ಮುಗಿಯಿತು. ಥೀಸಿಸ್ ಒಪ್ಪಿಸಿದ್ದಾಯಿತು, ಪರೀಕ್ಷಕರ ಮುಂದೆ ಅದರ ಡಿಫೆನ್ಸ್ ಆಯಿತು, ಹೋದ ವಾರ ಸರ್ಟಿಫಿಕೇಟ್ ಕೂಡ ಕೈಗೆ ಬಂತು. ಅಂದಿನಿಂದ ಫೋನು, ಮೆಸೇಜು ನಿಂತಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬಂದ ಮೆಸೇಜುಗಳಲ್ಲಿ ಒಂದು ಮಾತು ಪದೇ ಪದೇ ಕಾಣಿಸಿತು. "ಫುಲ್ ಸ್ಕಾಲರ್‌ಶಿಪ್ ಅಲ್ವಾ, ನಿನಗೇನು ಚಿಂತೆ!" ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಫುಲ್ ಸ್ಕಾಲರ್‌ಶಿಪ್ ಅನ್ನುವುದರಲ್ಲಿ ನಡುನಡುವೆ ಸಾಕಷ್ಟು ಖಾಲಿ ಜಾಗ ಇರುತ್ತದೆ. ಅರ್ಜಿ ಹಾಕುವ ಮೊದಲು ಸ್ವಲ್ಪ, ಫಲಿತಾಂಶಕ್ಕೆ ಕಾಯುವಾಗ ಸ್ವಲ್ಪ, ಮೊದಲ ಕಂತು ಅಕೌಂಟಿಗೆ ಬೀಳುವ ತನಕ ತುಂಬಾ. ಆ ಜಾಗಗಳಲ್ಲಿ ನಿಂತವರ ಹೆಸರು ಯಾವ ಸರ್ಟಿಫಿಕೇಟಿನಲ್ಲೂ ಇರುವುದಿಲ್ಲ. ಇಲ್ಲಿಯೂ ಹೆಸರು ಹಾಕುತ್ತಿಲ್ಲ, ಕೆಲವರಿಗೆ ಅದು ಇಷ್ಟವಾಗುವುದಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲು ದುಡ್ಡು ಕೊಟ್ಟವರಿಗೆ. ನನಗೆ ಸಿಕ್ಕಿದ್ದು ಎರಾಸ್ಮಸ್ ಮುಂಡಸ್. ಮಾಸ್ಟರ್ಸ್ ಓದಲು ಐರೋಪ್ಯ ಒಕ್ಕೂಟ ಕೊಡುವ ಸ್ಕಾಲರ್‌ಶಿಪ್, 2004ರಲ್ಲಿ ಶುರುವಾದ ಯೋಜನೆ. ಕನಿಷ್ಠ ಮೂರು ದೇಶಗಳ ಯೂನಿವರ್ಸಿಟಿಗಳು ಸೇರಿ ಒಂದು ಕೋರ್ಸ್ ನಡೆಸುತ್ತವೆ, ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದಲೇಬೇಕು. ಸ್ಕಾಲರ್‌ಶಿಪ್ ಸಿಕ್ಕರೆ ಫೀಸ್ ಇಲ್ಲ. ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು. ಇದು ಐರೋಪ್ಯ ಒಕ್ಕೂಟದ ಬಜೆಟ್ಟಿನಿಂದ ಬರುವ ದುಡ್ಡು. ಅಂದರೆ ನನ್ನ ಮುಖವನ್ನೇ ನೋಡದ ಲಕ್ಷಾಂತರ ಜನ ಕಟ್ಟಿದ ತೆರಿಗೆಯಲ್ಲಿ ನಾನು ಓದಿದೆ. ಟ್ರಾಮಿನಲ್ಲಿ ಪಕ್ಕ ಕೂತವರನ್ನು ನೋಡಿದಾಗ ಎಷ್ಟೋ ಸಲ ಇದು ತಲೆಗೆ ಬಂದಿದೆ. ಅವರಿಗೆ ಹೇಳೋಣ ಎಂದರೆ ಹುಚ್ಚು ಎಂದುಕೊಂಡಾರು. ಇಲ್ಲಿ ಹೇಳುತ್ತೇನೆ: ತುಂಬಾ ಥ್ಯಾಂಕ್ಸ್.

ಇನ್ನು ಈ ಯೋಜನೆಯ ಕಡೆ ನನ್ನನ್ನು ತಿರುಗಿಸಿದ ಸೀನಿಯರ್ ಅಕ್ಕನಿಗೆ. ಆಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಕಣ್ಣಿಗೆ ಬಿದ್ದ ಸ್ಕಾಲರ್‌ಶಿಪ್ಪುಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬಿಸಿ ಅವರಿಗೆ ಕಳಿಸಿದ್ದೆ. ಅವರು ಒಂದೇ ಸಂಜೆಯಲ್ಲಿ ಮುಕ್ಕಾಲು ಪಾಲು ಸಾಲುಗಳಿಗೆ ಕೆಂಪು ಬಣ್ಣ ಬಳಿದು ವಾಪಸ್ ಕಳಿಸಿದರು. ಪ್ರತಿ ಸಾಲಿನ ಮುಂದೆ ಕಾರಣ ಬೇರೆ. ಬ್ರಿಟನ್ನಿನ ಚೀವ್ನಿಂಗ್‌ಗೆ 2,800 ಗಂಟೆ, ಅಂದರೆ ಹೆಚ್ಚುಕಮ್ಮಿ ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶಕ್ಕೆ ಮರಳಿರಬೇಕು. ವಿದೇಶಿ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುವ ಜರ್ಮನಿಯ ಡಿಎಎಡಿ ಸಂಸ್ಥೆಯವರ ಎಪಾಸ್ ಯೋಜನೆ ಕೂಡ ಎರಡು ವರ್ಷದ ಅನುಭವ ಕೇಳುತ್ತದೆ. ಅಮೆರಿಕದ ಫುಲ್‌ಬ್ರೈಟ್ 1946ರಿಂದ ಇದೆ, ಆದರೆ ಅದರ ನಿಯಮ ದೇಶ ದೇಶಕ್ಕೂ ಬದಲಾಗುತ್ತದೆ, ನಿನ್ನ ದೇಶದ ಪುಟವನ್ನೇ ಓದು ಎಂದು ಬರೆದಿದ್ದರು. ಕೆಲಸದ ಅನುಭವ ಇಲ್ಲದ, ಕೊನೆಯ ಸೆಮಿಸ್ಟರ್‌ನಲ್ಲಿ ಇನ್ನೂ ಓದುತ್ತಿದ್ದ ನನ್ನಂಥವರಿಗೆ ಬಾಗಿಲು ತೆರೆದಿದ್ದು ಎರಾಸ್ಮಸ್ ಮುಂಡಸ್‌ನಲ್ಲಿ. ಕೋರ್ಸಿಗೆ ಸೇರುವ ಹೊತ್ತಿಗೆ ಡಿಗ್ರಿ ಮುಗಿದಿದ್ದರೆ ಸಾಕು.

ಈ ಕೆಂಪು ಬಣ್ಣ ನನಗೆ ಒಂದಿಡೀ ವರ್ಷ ಉಳಿಸಿತು. ಅರ್ಹತೆಯ ಪುಟವನ್ನು ನಿಧಾನವಾಗಿ ಓದುವ ತಾಳ್ಮೆ ತುಂಬಾ ಕಡಿಮೆ ಜನರಲ್ಲಿ ಇರುತ್ತದೆ. ಅದೇ ಕೆಲಸಕ್ಕೆ ಒಬ್ಬ ಏಜೆಂಟ್ ನನ್ನ ಹತ್ತಿರ ದೊಡ್ಡ ಮೊತ್ತ ಕೇಳಿದ್ದ. ಅಕ್ಕ ಬಿಟ್ಟಿಯಾಗಿ ಮಾಡಿಕೊಟ್ಟರು, ಅದೂ ತಮ್ಮ ಪಿಎಚ್‌ಡಿ ಗಡಿಬಿಡಿಯ ನಡುವೆ.

ಈ ಕೋರ್ಸ್ ನನಗೆ ಯಾಕೆ ಬೇಕು ಎಂದು ಅರ್ಜಿಯ ಜೊತೆ ಬರೆಯುವ ಮೋಟಿವೇಶನ್ ಲೆಟರ್ ಓದಿದವರೂ ಅವರೇ. ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದರು: "ಚಿಕ್ಕಂದಿನಿಂದ ನೀರಿನ ಮೇಲೆ ಆಸಕ್ತಿ ಎಂದು ಎಲ್ಲರೂ ಬರೆಯುತ್ತಾರೆ. ನೀನು ಯಾವ ಬಾವಿಯಲ್ಲಿ ಏನು ಅಳೆದೆ, ಅದನ್ನು ಹೇಳು." ನನ್ನ ವಿಷಯ ಅಂತರ್ಜಲ. ಪ್ರಾಜೆಕ್ಟಿಗಾಗಿ ಒಂದಷ್ಟು ತೆರೆದ ಬಾವಿಗಳ ನೀರಿನ ಮಟ್ಟವನ್ನು ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಅಳೆದಿದ್ದೆ. ಅದನ್ನು ಒಂದು ಮೂಲೆಯಲ್ಲಿ, ಅರ್ಧ ಸಾಲಿನಲ್ಲಿ ಹೇಳಿದ್ದೆ. ಅವರು ಆ ಅರ್ಧ ಸಾಲನ್ನೇ ಮೇಲಕ್ಕೆ ತರಿಸಿದರು. ಆಮೇಲೆ ಮೂರು ಯೂನಿವರ್ಸಿಟಿಗಳಲ್ಲಿ ಯಾವುದರ ಯಾವ ಪಾಠ ಈ ಕೆಲಸಕ್ಕೆ ಕೂಡಿಕೊಳ್ಳುತ್ತದೆ ಎಂದು ಬರೆಸಿದರು. ಆಯ್ಕೆ ಸಮಿತಿಯಲ್ಲಿ ಕೂರುವವರು ಆ ಪಾಠ ಮಾಡುವವರೇ ಅಲ್ವಾ? ತಮ್ಮ ಕೋರ್ಸನ್ನು ಓದಿಕೊಂಡು ಬಂದವರು ಯಾರು, ಸುಮ್ನೆ ಹೆಸರು ಬದಲಾಯಿಸಿ ಕಳಿಸಿದವರು ಯಾರು ಎಂದು ಅವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ರೆಫರೆನ್ಸ್ ಲೆಟರ್, ಅಂದರೆ ಶಿಫಾರಸು ಪತ್ರ, ಕೊಟ್ಟ ನಮ್ಮ ಮೇಡಂಗೆ ಎಷ್ಟು ಹೇಳಿದರೂ ಕಡಿಮೆ. ಬೇರೆ ಕೆಲವು ಕಡೆ "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎಂಬ ಉತ್ತರ ಸಿಕ್ಕಿತ್ತು. ಮೇಡಂ ಹಾಗೆ ಮಾಡಲಿಲ್ಲ. ಫೋನ್ ಮಾಡಿ, "ಬಾವಿ ಅಳತೆಯಲ್ಲಿ ಎರಡು ಕಡೆ ಲೆಕ್ಕ ಹೊಂದಿಕೆ ಆಗದೆ ಮತ್ತೆ ಹೋಗಿ ಅಳೆದು ಬಂದೆಯಲ್ಲ, ಅದು ಯಾವ ತಿಂಗಳು?" ಎಂದು ಕೇಳಿದರು. ನಾನೇ ಮರೆತಿದ್ದೆ! ಪತ್ರದಲ್ಲಿ ಹೊಗಳಿಕೆ ಇತ್ತೋ ಇಲ್ಲವೋ ನಾನು ನೋಡಿಲ್ಲ, ಪೋರ್ಟಲ್ ಲಿಂಕ್ ನೇರ ಅವರ ಮೇಲ್‌ಗೇ ಹೋಗುತ್ತದೆ. ಪ್ರತಿ ಕೋರ್ಸಿನ ಪೋರ್ಟಲ್ ಬೇರೆ, ಪ್ರತಿಯೊಂದರಲ್ಲೂ ಅದೇ ಪ್ರಶ್ನೆಗಳು: ಎಷ್ಟು ವರ್ಷದಿಂದ ಪರಿಚಯ, ತರಗತಿಯಲ್ಲಿ ಮೇಲಿನ ಶೇಕಡಾ ಎಷ್ಟರೊಳಗೆ ಬರುತ್ತಾರೆ, ಹೀಗೆ. ಮೇಡಂ ಅಷ್ಟೂ ಫಾರಂಗಳನ್ನು ಗಡುವಿಗೆ ಮೊದಲೇ ತುಂಬಿದರು. ನಾನು ನೆನಪಿಸಬೇಕಾಗಿ ಬರಲಿಲ್ಲ. ಅರ್ಜಿ ಹಾಕಿದವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು.

ಪರೀಕ್ಷಾ ವಿಭಾಗದ ಗುಮಾಸ್ತರನ್ನು ಯಾರೂ ಈ ಥರದ ಬರಹದಲ್ಲಿ ನೆನೆಯುವುದಿಲ್ಲ. ನಾನು ನೆನೆಯುತ್ತೇನೆ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಮುಚ್ಚಿದ ಲಕೋಟೆಯಲ್ಲಿ ಬೇಕಿತ್ತು. ಅವರು ಲಕೋಟೆ ಅಂಟಿಸಿ, ಅಂಟಿಸಿದ ಗೆರೆಯ ಮೇಲೆ ಮುದ್ರೆ ಒತ್ತಿದರು. ಅರ್ಧ ಮುದ್ರೆ ಮುಚ್ಚಳದ ಮೇಲೆ, ಅರ್ಧ ಕೆಳಗೆ. ಆಮೇಲೆ ಅಧಿಕಾರಿಯ ಸಹಿಯೂ ಅದೇ ಗೆರೆ ದಾಟಿ ಬೀಳಬೇಕೆಂದು ಒಳಗೆ ಹೋಗಿ ಹಾಕಿಸಿಕೊಂಡು ಬಂದರು. ಅದರ ಮೇಲೆ ಪಾರದರ್ಶಕ ಟೇಪು. "ಇಲ್ಲದಿದ್ದರೆ ಯಾರೋ ತೆರೆದಿದ್ದಾರೆ ಎಂದು ಅಲ್ಲಿಯವರು ತಕರಾರು ತೆಗೆಯುತ್ತಾರೆ" ಎಂದರು. ಅಂಕಗಳ ಲೆಕ್ಕಾಚಾರ ಹೇಗೆ ಎಂಬ ವಿವರಣೆಯ ಹಾಳೆಯನ್ನು ನಾನು ಕೇಳುವ ಮೊದಲೇ ಒಳಗೆ ಸೇರಿಸಿದ್ದರು. ವಿದೇಶದಲ್ಲಿ ಅಂಕಪಟ್ಟಿ ನೋಡುವವರಿಗೆ ನಮ್ಮ 70 ಒಳ್ಳೆಯದೋ ಸಾಧಾರಣವೋ ಗೊತ್ತಾಗುವುದು ಆ ಹಾಳೆಯಿಂದಲೇ.

ಈಗ ಒಂದು ವಿಚಿತ್ರ ಥ್ಯಾಂಕ್ಸ್. ಇದು ಯಾರಿಗೆ ಎಂದು ನನಗೇ ಗೊತ್ತಿಲ್ಲ.

ನಾನು ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಫಲಿತಾಂಶದ ಮೇಲ್‌ನಲ್ಲಿ ರಿಸರ್ವ್ ಲಿಸ್ಟ್ ಎಂದಿತ್ತು. ಹೂಂ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಮುಖ್ಯ ಪಟ್ಟಿಯ ಯಾರಾದರೂ ಬೇಡ ಎಂದರೆ ಮುಂದಿನವರಿಗೆ ಸಿಗುತ್ತದೆ, ಅಷ್ಟೇ. ಎರಡು ಮೂರು ಕಡೆ ಆಯ್ಕೆಯಾದವರು ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಲೇಬೇಕು. ಆದರೆ ಯಾವಾಗ ಬಿಡುತ್ತಾರೆ ಎಂಬುದು ಅವರ ಮರ್ಜಿ. ಕೆಲವರು ಕೊನೆಯ ದಿನದವರೆಗೂ ಎರಡನ್ನೂ ಹಿಡಿದುಕೊಂಡಿರುತ್ತಾರೆ. ತಪ್ಪೆಂದು ಹೇಳಲಾರೆ, ನಿಯಮದಲ್ಲಿ ಅವಕಾಶ ಇದೆ. ಆದರೆ ಆ ಕಡೆ ಕಾಯುತ್ತಿರುವವರಿಗೆ ವೀಸಾ ಅಪಾಯಿಂಟ್‌ಮೆಂಟ್ ಸಿಗುವ ದಿನಗಳು ಒಂದೊಂದೇ ಜಾರಿಹೋಗುತ್ತವೆ. ಸೆಪ್ಟೆಂಬರ್‌ನಲ್ಲಿ ಕ್ಲಾಸ್ ಶುರುವಾಗಬೇಕಾದರೆ ಜುಲೈ ಕೊನೆಗೆ ಆಫರ್ ಬಂದು ಪ್ರಯೋಜನವೇನು?

ನನ್ನ ಪುಣ್ಯಕ್ಕೆ ಯಾರೋ ಒಬ್ಬರು ಬೇಗನೆ ಬೇಡ ಎಂದರು. ಅವರು ಬೇರೆ ಯಾವ ಸ್ಕಾಲರ್‌ಶಿಪ್ ಆರಿಸಿಕೊಂಡರೋ, ಯಾವ ದೇಶದವರೋ, ಕೋರ್ಸಿನ ಆಫೀಸಿನವರು ಹೇಳುವುದಿಲ್ಲ. ಏಪ್ರಿಲ್‌ನಲ್ಲೇ ನನಗೆ ಮೇಲ್ ಬಂತು. ಅಯ್ಯಾ, ಅಮ್ಮಾ, ನೀವು ಯಾರೇ ಆಗಿರಿ, ಮೇಲ್‌ಗೆ ಉತ್ತರ ಬರೆಯುವುದನ್ನು ನಾಳೆಗೆ ತಳ್ಳದೇ ಇದ್ದದ್ದಕ್ಕೆ ನನ್ನ ಎರಡು ವರ್ಷ ನಿಮಗೆ ಋಣಿ.

ಸ್ಕಾಲರ್‌ಶಿಪ್ ಸಿಕ್ಕಿತು ಎಂದ ಮೇಲೆ ದುಡ್ಡಿನ ಕಷ್ಟ ಮುಗಿಯಿತು ಎಂದು ಮನೆಯವರೆಲ್ಲ ಅಂದುಕೊಂಡರು. ಶುರುವಾದದ್ದೇ ಆಗ. 2021ಕ್ಕೆ ಮೊದಲು ಈ ಯೋಜನೆಯಲ್ಲಿ ಪ್ರಯಾಣದ ಖರ್ಚಿಗೆ ಬೇರೆ ಹಣ ಇತ್ತು. ಈಗ ಟಿಕೆಟ್, ವೀಸಾ, ಮನೆ ಹೂಡುವುದು ಎಲ್ಲವೂ ಆ 1,400ರ ಒಳಗೇ. ಆ 1,400 ಬರುವುದು ಅಲ್ಲಿಗೆ ಹೋಗಿ, ದಾಖಲಾಗಿ, ಬ್ಯಾಂಕ್ ಅಕೌಂಟ್ ತೆರೆದು, ಅದರ ನಂಬರ್ ಕೊಟ್ಟ ಮೇಲೆ. ವಿಮಾನದವರು ಅಲ್ಲಿಯವರೆಗೆ ಕಾಯುತ್ತಾರೆಯೇ? ರೂಮಿನ ಠೇವಣಿಯೂ ಮೊದಲೇ ಬೇಕು. ನನ್ನ ಮೊದಲ ವರ್ಷ ಜರ್ಮನಿಯಲ್ಲಿ. ಅಲ್ಲಿ ಮಾಲೀಕರು ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ ಕೇಳಲು ಕಾನೂನಿನಲ್ಲೇ ಅವಕಾಶ ಇದೆ.

ಒಂದು ವಿಷಯದಲ್ಲಿ ಮಾತ್ರ ಬಚಾವಾದೆ. ಸ್ವಂತ ಖರ್ಚಿನಲ್ಲಿ ಹೋಗುವವರು ಜರ್ಮನಿಯ ವೀಸಾಕ್ಕೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಲು ಬರುವ ಖಾತೆಯಲ್ಲಿ, ತೋರಿಸಬೇಕಿತ್ತು. ನನಗೆ ಸ್ಕಾಲರ್‌ಶಿಪ್ ಪತ್ರವೇ ಸಾಕಾಯಿತು.

ಉಳಿದದ್ದಕ್ಕೆ ಚಿಕ್ಕಮ್ಮ ದುಡ್ಡು ಕೊಟ್ಟರು. ತಮ್ಮ ಎಫ್‌ಡಿ ಅವಧಿಗೆ ಮೊದಲೇ ಮುರಿಸಿ ಕೊಟ್ಟರು ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅದೂ ಚಿಕ್ಕಪ್ಪ ಬಾಯಿ ತಪ್ಪಿ ಹೇಳಿದ್ದರಿಂದ. ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಸ್ಕಾಲರ್‌ಶಿಪ್ ಬಂದ ತಕ್ಷಣ ಇದನ್ನು ತೀರಿಸಲು ಹೋಗಬೇಡ. ಮೊದಲು ಒಳ್ಳೆಯ ಬೂಟು ತಗೋ." ಚಳಿಗಾಲದಲ್ಲಿ ಫೀಲ್ಡಿಗೆ ಹೋದಾಗಲೆಲ್ಲ ಆ ಬೂಟು ಕಾಲಲ್ಲಿತ್ತು, ಚಿಕ್ಕಮ್ಮ.

ಜರ್ಮನಿಗೆ ಇಳಿದ ಮೇಲೆ ಎದುರಾದದ್ದು ಇನ್ನೊಂದು ಬಗೆಯ ಆಟ. ನಾನು ಹೋದ ಬ್ಯಾಂಕಿನಲ್ಲಿ ಅಕೌಂಟ್ ತೆರೆಯಲು ವಿಳಾಸ ನೋಂದಣಿಯ ಪತ್ರ ಕೇಳಿದರು. ನೋಂದಣಿಗೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಬೇಕು. ಮನೆ ಬೇಕೆಂದರೆ ಠೇವಣಿ ಕಳಿಸಲು ಅಲ್ಲಿನ ಅಕೌಂಟ್ ಬೇಕು! ಮನೆಗೆ ಹೋದ ಎರಡು ವಾರದೊಳಗೆ ನೋಂದಣಿ ಆಗಬೇಕೆಂಬ ನಿಯಮ ಬೇರೆ. ಇದನ್ನು ಬಿಡಿಸಿದ್ದು ನನಗಿಂತ ಒಂದು ವರ್ಷ ಮುಂದಿದ್ದ ಇಬ್ಬರು ಸಹಪಾಠಿಗಳು. ಅವರ ಫ್ಲ್ಯಾಟಿನಲ್ಲಿ ಒಂದು ರೂಮು ಕೆಲವು ತಿಂಗಳಿಗೆ ಖಾಲಿ ಇತ್ತು. ಮಾಲೀಕರ ಜೊತೆ ಮಾತಾಡಿ, ಸಹಿ ತಂದು, ಠೇವಣಿಯನ್ನು ತಮ್ಮ ಅಕೌಂಟಿನಿಂದ ಕಟ್ಟಿದರು. ನನ್ನನ್ನು ನೋಡಿ ಆಗಿನ್ನೂ ಒಂದು ವಾರವೂ ಆಗಿರಲಿಲ್ಲ. "ನಮಗೂ ಹಿಂದಿನ ಬ್ಯಾಚಿನವರು ಹೀಗೇ ಮಾಡಿದ್ದರು" ಎಂದು ತಣ್ಣಗೆ ಹೇಳಿದರು. ಮುಂದಿನ ವರ್ಷ ನಾನೂ ಇನ್ನೊಬ್ಬರಿಗೆ ಮಾಡಿದೆ. ಯಾವ ಕೈಪಿಡಿಯಲ್ಲೂ ಇಲ್ಲದ ಈ ವ್ಯವಸ್ಥೆ ಇಲ್ಲದಿದ್ದರೆ ಇಂಥ ಕೋರ್ಸುಗಳು ನಡೆಯುತ್ತವೆಯೇ ಎಂಬ ಅನುಮಾನ ನನಗಿದೆ.

ಎರಡನೇ ವರ್ಷ ನೆದರ್ಲೆಂಡ್ಸ್. ಇಂಥ ಕಾರ್ಯಕ್ರಮದ ವಿದ್ಯಾರ್ಥಿಗಳು ಒಂದು ದೇಶದ ವಾಸದ ಪರ್ಮಿಟ್ ಮೇಲೆ ಇನ್ನೊಂದು ದೇಶದಲ್ಲಿ 360 ದಿನದವರೆಗೆ ಓದಬಹುದು ಎಂದು ಐರೋಪ್ಯ ಒಕ್ಕೂಟದ 2016ರ ನಿಯಮ ಹೇಳುತ್ತದೆ. ಹೇಳುವುದು ಸುಲಭ, ಕಾಗದ ಓಡಿಸುವುದು ಕಷ್ಟ. ಅದನ್ನೆಲ್ಲ ಓಡಿಸಿದ ಕೋರ್ಸಿನ ಕೋಆರ್ಡಿನೇಟರ್‌ಗೆ ನಮಸ್ಕಾರ. ರಾತ್ರಿ ಕಳಿಸಿದ ಮೇಲ್‌ಗೆ ಬೆಳಗ್ಗೆ ಕ್ಲಾಸಿಗೆ ಹೊರಡುವ ಮುಂಚೆ ಉತ್ತರ ಇರುತ್ತಿತ್ತು.

ಥೀಸಿಸ್ ಗೈಡ್‌ಗೆ ಬೇರೆ ಕಾರಣಕ್ಕೆ ಥ್ಯಾಂಕ್ಸ್. 24 ತಿಂಗಳಾದ ಮೇಲೆ ದುಡ್ಡು ನಿಲ್ಲುತ್ತದೆ, ಥೀಸಿಸ್ ಮುಗಿದಿರಲಿ ಬಿಡಲಿ. ಇದು ಎಲ್ಲ ಗೈಡ್‌ಗಳಿಗೂ ನೆನಪಿರುವುದಿಲ್ಲ. ಇವರಿಗೆ ಇತ್ತು. ನಾನು ಇನ್ನೊಂದು ಕಂಪ್ಯೂಟರ್ ಮಾಡೆಲ್ ಓಡಿಸಿ ನೋಡುತ್ತೇನೆ ಎಂದಾಗ, "ಒಳ್ಳೆಯ ಯೋಚನೆ. ಮುಂದಿನ ಸಂಶೋಧನೆ ಎಂಬ ಭಾಗದಲ್ಲಿ ಬರೆ" ಎಂದು ನಕ್ಕರು. ಆ ಸಂಜೆ ಸ್ವಲ್ಪ ಬೇಜಾರಾಗಿತ್ತು. ಕೊನೆಯ ಕಂತು ಬರುವ ಮೊದಲು ಥೀಸಿಸ್ ಒಪ್ಪಿಸಿದ್ದು ಅವರಿಂದಲೇ.

ಅಪ್ಪ ಅಮ್ಮನಿಗೆ ಇಲ್ಲಿ ಬರೆಯುವುದಿಲ್ಲ. ಅವರಿಗೆ ಎದುರು ಕೂತು ಹೇಳಬೇಕು, ಹೇಳಿದ್ದೇನೆ.

ಈ ಸಲ ಅರ್ಜಿ ಹಾಕುವವರು ಹಲವರು ಬರೆದಿದ್ದೀರಿ. ಎರಾಸ್ಮಸ್ ಮುಂಡಸ್‌ನ ಬಹುಪಾಲು ಕೋರ್ಸುಗಳ ಗಡುವು ಅಕ್ಟೋಬರ್‌ನಿಂದ ಜನವರಿಯ ನಡುವೆ ಬರುತ್ತದೆ, ಒಂದೊಂದಕ್ಕೂ ಬೇರೆ ದಿನ. ನಿಮ್ಮ ಪಟ್ಟಿಯನ್ನೂ ಲೆಟರ್‌ನ ಡ್ರಾಫ್ಟನ್ನೂ ಕಳಿಸಿ, ಓದುತ್ತೇನೆ. ಕೆಂಪು ಬಣ್ಣ ಧಾರಾಳವಾಗಿ ಇದೆ. ಗಡುವಿನ ಹಿಂದಿನ ರಾತ್ರಿ ಮಾತ್ರ ಬೇಡ. ಚಿಕ್ಕಮ್ಮ, ನೀವು ಇದನ್ನು ಓದುತ್ತಿದ್ದರೆ, ಇದು ಹೊಸ ಕೆಲಸದ ಮೊದಲ ಸಂಬಳ ಬರುವ ತಿಂಗಳು. ಬಾಕಿ ಹಣ ಕಳಿಸುತ್ತಿದ್ದೇನೆ, ಈ ಸಲ ಬೇಡ ಎನ್ನುವಂತಿಲ್ಲ.