ಸಣ್ಣ ಉದ್ಯಮಕ್ಕೆ ಜನರೇ ಬಂಡವಾಳ ಹಾಕಲಿ

ಮಾನ್ಯರೇ,

ನಮ್ಮ ಜಿಲ್ಲೆಯ ಸಣ್ಣ ಉದ್ಯಮಗಳಿಗೆ ಬಂಡವಾಳ ಸಿಗುವುದೇ ಕಷ್ಟವಾಗಿದೆ. ಹಲವರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವ ಕ್ರೌಡ್‌ಫಂಡಿಂಗ್ ಇದಕ್ಕೆ ಒಳ್ಳೆಯ ದಾರಿ.

ಶಿರಸಿ, ಸಿದ್ದಾಪುರದ ಕಡೆ ಸ್ವಸಹಾಯ ಸಂಘದ ಹೆಂಗಸರು ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಯನ್ನು ಅಂಗಳದಲ್ಲೇ ಒಣಗಿಸುತ್ತಾರೆ. ಮೇ ಕೊನೆಯಲ್ಲಿ ಮಳೆ ಹಿಡಿದರೆ ಸಿಪ್ಪೆಗೆ ಬೂಷ್ಟು ಬರುತ್ತದೆ, ಬುಟ್ಟಿಗಟ್ಟಲೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಒಂದು ಡ್ರೈಯರ್ ಇದ್ದರೆ ಇಷ್ಟೂ ಉಳಿಯುತ್ತಿತ್ತು. ಸಾಲ ಕೇಳಿದರೆ ಪಹಣಿ ಎಲ್ಲಿ ಅನ್ನುತ್ತಾರೆ. ಅರಣ್ಯ ಅತಿಕ್ರಮಣದ ಜಾಗದಲ್ಲಿ ತಲೆಮಾರುಗಳಿಂದ ಬದುಕುತ್ತಿರುವವರು ಪಹಣಿಯನ್ನು ಎಲ್ಲಿಂದ ತರಬೇಕು?

ಇದರಲ್ಲಿ ದಾನ ಬೇಡುವ ಮಾತಿಲ್ಲ. ಬೆಂಗಳೂರು, ಮುಂಬೈಯಲ್ಲಿರುವ ನಮ್ಮವರು ಮುಂಗಡ ಹಣ ಕೊಡಲಿ, ಹಂಗಾಮಿನಲ್ಲಿ ಅವರ ಮನೆಗೆ ಕೋಕಂ ಸಿರಪ್, ಹಲಸಿನ ಹಪ್ಪಳ ಬರಲಿ. ಷೇರು ಕೊಡಲು ಹೋದರೆ ಕಾನೂನಿನ ತೊಡಕು ಜಾಸ್ತಿ. ಮುಂಗಡ ಖರೀದಿಯೇ ಸರಳ. 1923ರಲ್ಲೇ ಅಡಿಕೆ ತೋಟಿಗರು ಸೇರಿ ತಮ್ಮ ಮಾರಾಟ ಸಹಕಾರಿ ಸಂಘವಾದ ಟಿಎಸ್‌ಎಸ್ ಕಟ್ಟಿದ ಊರು ಶಿರಸಿ. ಕೂಡಿ ದುಡ್ಡು ಹಾಕುವುದು ನಮಗೆ ಹೊಸದಲ್ಲ, ಅಲ್ವಾ?

ಮೋಸದ ಭಯ ಸಹಜ. ಆದ್ದರಿಂದ ಊರಿನ ಸೇವಾ ಸಹಕಾರಿ ಸಂಘವೇ ಯೋಜನೆಯನ್ನು ಪರಿಶೀಲಿಸಲಿ. ಹಣ ಸಂಘದ ಖಾತೆಯಲ್ಲಿರಲಿ, ಯಂತ್ರದ ಬಿಲ್ ನೋಡಿ ನೇರವಾಗಿ ಮಾರಾಟಗಾರರಿಗೆ ಪಾವತಿಯಾಗಲಿ. ಗುರಿಯ ಮೊತ್ತ ಕೂಡದಿದ್ದರೆ ಕೊಟ್ಟವರಿಗೆ ವಾಪಸ್ ಹೋಗಲಿ. ಮುಂದಿನ ಮುರುಗಲು ಹಂಗಾಮಿಗೆ ಮೊದಲು ಜಿಲ್ಲಾ ಪಂಚಾಯಿತಿ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಶುರು ಮಾಡಬೇಕು.

– ಓದುಗರೊಬ್ಬರು, ಶಿರಸಿ