ರಾಜೀನಾಮೆ ಬರೆಯುವ ಮೊದಲು

ಸಾಗರ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬಂದು ಅಪ್ಪೆಮಿಡಿ, ಅಂದರೆ ಅಪ್ಪೆಮಾವಿನ ಎಳೆಗಾಯಿ, ಉಪ್ಪಿನಕಾಯಿಯ ಘಟಕ ಹಾಕುವ ವಿಚಾರವಾಗಿ ನೀನು ಬರೆದ ಪತ್ರವನ್ನು ನಿನ್ನ ಅಮ್ಮನೂ ನಾನೂ ಒಟ್ಟಿಗೆ ಕುಳಿತು ಓದಿದೆವು. ಅವಳಿಗೆ ಹೆದರಿಕೆಯಾಗಿದೆ, ನನಗೆ ಸಂತೋಷವೇ ಆಗಿದೆ. ಆದರೆ ‘ಎರಡು ದೋಣಿಯ ಮೇಲೆ ಕಾಲಿಟ್ಟರೆ ಉದ್ಯಮವಾಗುವುದಿಲ್ಲ, ಕೆಲಸ ಬಿಟ್ಟೇ ಧುಮುಕಬೇಕು’ ಎಂದು ಬರೆದಿದ್ದೀಯಲ್ಲ, ಆ ಮಾತನ್ನು ನಾನು ಒಪ್ಪಲಾರೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಲೇ ವೃತ್ತಿಜೀವನ ಕಳೆದ ನನಗೆ, ಇದನ್ನು ಯಾರೂ ಪ್ರಶ್ನಿಸದೆ ನಂಬುವುದೇ ಆತಂಕದ ಸಂಗತಿ.

ಅಮೆರಿಕದ ಇಬ್ಬರು ಸಂಶೋಧಕರು 1994ರಿಂದ 2008ರವರೆಗಿನ ಮಾಹಿತಿಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೌಕರಿಯಲ್ಲಿದ್ದುಕೊಂಡೇ ಉದ್ಯಮ ಆರಂಭಿಸಿ ಆಮೇಲೆ ಪೂರ್ತಿಯಾಗಿ ಅದಕ್ಕೆ ಇಳಿದವರು ಅದನ್ನು ಕೈಬಿಡುವ ಸಂಭವ, ಒಮ್ಮೆಲೇ ನೌಕರಿ ಬಿಟ್ಟು ಇಳಿದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಇದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ. ಸಂಬಳ ಬರುತ್ತಿರುವವರೆಗೆ ತನ್ನ ಸರಕು ನಿಜವಾಗಿ ಮಾರಾಟವಾಗುತ್ತದೆಯೇ ಎಂದು ನಿಧಾನವಾಗಿ ನೋಡಬಹುದು, ಆಗದಿದ್ದರೆ ಯಾರಿಗೂ ಸಾಲಗಾರರಾಗದೆ ನಿಲ್ಲಿಸಬಹುದು. ನಾರಾಯಣ ಮೂರ್ತಿಯವರ ಹತ್ತು ಸಾವಿರ ರೂಪಾಯಿಯ ಕಥೆಯನ್ನು ನೀನೂ ಉದಾಹರಿಸಿದ್ದೀಯೆ. 1981ರಲ್ಲಿ ಇನ್ಫೋಸಿಸ್ ಆರಂಭಿಸುವ ಮೊದಲು ಅವರು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ನಡೆಸಿ, ಅದು ಕೈಹಿಡಿಯದೆ, ಪಟ್ನಿ ಕಂಪನಿಯಲ್ಲಿ ನೌಕರಿ ಮಾಡಿದ್ದರು. ಕಥೆ ಹೇಳುವವರು ಆ ನೌಕರಿಯ ವರ್ಷಗಳನ್ನು ಬಿಟ್ಟುಬಿಡುತ್ತಾರೆ. ಇನ್ನು ಮೂವತ್ತು ದಾಟಿತೆಂಬ ನಿನ್ನ ಚಿಂತೆ: ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದರಂತಹ ಹೊಸ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು ಆರಂಭದ ಹೊತ್ತಿಗೆ 45 ಎಂದು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೇಳುತ್ತದೆ. ನಿನಗೆ ಕಾಲಾವಕಾಶವಿದೆ.

ಹಣದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿನ್ನ ಯೋಜನೆಯಲ್ಲಿ ಮೊದಲ ಪುಟದಲ್ಲೇ ಯಂತ್ರಗಳ ಪಟ್ಟಿ ಇದೆ, ಏಕೆಂದರೆ ಸಬ್ಸಿಡಿ ಸಿಗುವುದು ಯಂತ್ರಕ್ಕೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯ ನೆರವು ಇರುವುದು ನಿಜ. ಆದರೆ ಆ ಹಣ ನಿನ್ನ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಪ್ರತ್ಯೇಕ ಖಾತೆಯಲ್ಲಿದ್ದು, ಮೂರು ವರ್ಷ ಘಟಕ ನಡೆದು ಸಾಲದ ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಉಪ್ಪಿನಕಾಯಿಯವರನ್ನು ಮುಳುಗಿಸುವುದು ಯಂತ್ರದ ಕೊರತೆಯಲ್ಲ, ದಿನದ ವ್ಯವಹಾರಕ್ಕೆ ಬೇಕಾದ ದುಡ್ಡಿನ ಕೊರತೆ. ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ; ಆಗ ಮರದ ಒಡೆಯರಿಗೂ ಮರ ಹತ್ತಿ, ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಇಳಿಸುವವರಿಗೂ ರೊಕ್ಕ ಎಣಿಸಿಯೇ ಕೊಡಬೇಕು. ಆ ಮಿಡಿ ಉಪ್ಪಿನಲ್ಲಿ ಚಿರುಟಿ, ಖಾರ ಕೂಡಿ, ಬಾಟಲಿಗೆ ಬಿದ್ದು, ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಮಾರಾಟವಾಗುತ್ತದೆ, ಅಂಗಡಿಯವರು ಮಾರಿದ ಮೇಲಷ್ಟೇ ಹಣ ಕೊಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಲಾಭವಿದ್ದೂ ಮುಂದಿನ ಹಂಗಾಮಿಗೆ ಮಿಡಿ ಕೊಳ್ಳಲು ದುಡ್ಡಿಲ್ಲದೆ ನಿಂತುಹೋದ ಘಟಕಗಳ ಕಡತಗಳನ್ನು ನಾನು ನೋಡಿದ್ದೇನೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾಯಿದೆ ಹೇಳುತ್ತದೆ, ಆದರೆ ದಿನವೂ ಮುಖ ನೋಡಬೇಕಾದ ಅಂಗಡಿಯವರ ಮೇಲೆ ದೂರು ಕೊಡಲು ನಿನಗೆ ಮನಸ್ಸು ಬಂದೀತೇ?

ಆದ್ದರಿಂದ ಎಷ್ಟು ಗಳಿಸಬಹುದೆಂಬ ಅಂದಾಜಿಗೆ ಮೊದಲು ಎಷ್ಟು ಕಳೆದುಕೊಳ್ಳಬಹುದೆಂಬುದನ್ನು ನಿಶ್ಚಯಿಸು. ಅನುಭವಿ ಉದ್ಯಮಿಗಳು ಯೋಚಿಸುವ ಕ್ರಮವನ್ನು ಅಧ್ಯಯನ ಮಾಡಿದ ಸರಸ್ ಸರಸ್ವತಿ ಎಂಬ ಪ್ರಾಧ್ಯಾಪಕಿ ಕಂಡುಕೊಂಡದ್ದೂ ಇದನ್ನೇ: ಅವರು ತಾವು ಯಾರು, ತಮಗೇನು ಗೊತ್ತು, ತಮಗೆ ಯಾರು ಗೊತ್ತು ಎಂಬಲ್ಲಿಂದ ಹೊರಟು, ಹೋದರೂ ತಡೆದುಕೊಳ್ಳಬಲ್ಲಷ್ಟನ್ನು ಮಾತ್ರ ತೊಡಗಿಸುತ್ತಾರೆ. ನಿನ್ನ ಉಳಿತಾಯದಲ್ಲಿ ಅಂತಹ ಒಂದು ಮೊತ್ತವನ್ನು ಬೇರೆಯಿಡು. ಅಮ್ಮನ ತೋಟದ ಪಹಣಿ ಮಾತ್ರ ಯಾವ ಬ್ಯಾಂಕಿನ ಮೇಜಿಗೂ ಹೋಗಬಾರದು.

ಮೂರು ವರ್ಷದಲ್ಲಿ ಹತ್ತುಪಟ್ಟು ಬೆಳೆಯುವ ನಿನ್ನ ಅಂದಾಜಿಗೂ ನನ್ನ ಆಕ್ಷೇಪವಿದೆ. ಒಳ್ಳೆಯ ಅಪ್ಪೆಮರಗಳು ಬಹುಪಾಲು ಹೊಳೆದಂಡೆಯ ಕಾಡುಮರಗಳು; ಅವು ಪ್ರತಿವರ್ಷವೂ ಒಂದೇ ಸಮನೆ ಫಲ ಕೊಡುವುದಿಲ್ಲ. ಶರಾವತಿ ದಂಡೆಯ ಎಷ್ಟೋ ಮರಗಳು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಹೋದವು, ಉಳಿದವುಗಳಲ್ಲಿ ಅವಸರಕ್ಕೆ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವವರಿದ್ದಾರೆ. ಬೇಡಿಕೆಯ ಬೆನ್ನು ಹತ್ತಿದರೆ ನೀನೂ ಅಂತಹ ಮಿಡಿಯನ್ನೇ ಕೊಳ್ಳಬೇಕಾಗುತ್ತದೆ. ಕಸಿ ಗಿಡ ನೆಟ್ಟು ಕಾಯುವುದಾದರೆ ನೀನು ದೊಡ್ಡದಾಗಿ ಬೆಳೆಯಬಹುದು, ಅಲ್ಲಿಯವರೆಗೆ ಮರಗಳು ಕೊಟ್ಟಷ್ಟೇ ನಿನ್ನ ಉದ್ಯಮದ ಗಾತ್ರವಾಗಿರಲಿ. ಸಣ್ಣದಾಗಿ ಉಳಿದರೆ ಸೋತಂತೆ ಎಂದು ಯಾರು ಹೇಳಿದರೂ ನಂಬಬೇಡ.

ಒಬ್ಬಳೇ ಎಲ್ಲವನ್ನೂ ಹೊರಬೇಕೆಂದೂ ಇಲ್ಲ. ನಮ್ಮ ಅಡಿಕೆ ಬೆಳೆಗಾರರು 1939ರಲ್ಲಿ ಮ್ಯಾಮ್ಕೋಸನ್ನೂ, ಬೆಲೆ ಕುಸಿದು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೋವನ್ನೂ ತಮ್ಮ ಸಹಕಾರ ಸಂಘಗಳಾಗಿ ಕಟ್ಟಿಕೊಂಡರು. ಅವರನ್ನು ಯಾರೂ ಉದ್ಯಮಿಗಳೆಂದು ಕರೆಯಲಿಲ್ಲ, ಆದರೂ ಮಲೆನಾಡಿನಲ್ಲಿ ಅದಕ್ಕಿಂತ ದೊಡ್ಡ ಉದ್ಯಮಶೀಲತೆ ನನಗೆ ಕಾಣದು. ನಮ್ಮ ಸೀಮೆಯ ಮನೆಮನೆಯಲ್ಲಿ ಮಿಡಿ ಹಾಕಿ ಮಾರುವ ಹೆಂಗಸರಿದ್ದಾರೆ. ಅವರೊಡನೆ ಪೈಪೋಟಿಗಿಳಿಯದೆ, ಅವರು ಹಾಕಿದ್ದಕ್ಕೆ ಬೆಂಗಳೂರಿನಲ್ಲಿ ನ್ಯಾಯವಾದ ಬೆಲೆ ದೊರಕಿಸಲಾದೀತೇ ಎಂದು ಯೋಚಿಸು.

ಬರುವ ಹಂಗಾಮಿಗೆ ರಜೆ ಹಾಕಿ ಬಾ. ಒಂದೇ ಮರದ ಮಿಡಿಯನ್ನು ಅಮ್ಮನ ಕೈಯಲ್ಲಿ ಹಾಕಿಸೋಣ. ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನು ಮಾತ್ರ ಮೊದಲೇ ಮಾಡಿಸಿಕೋ, ಸಣ್ಣ ಪ್ರಮಾಣಕ್ಕೂ ಅದು ಬೇಕು. ಗೆಳತಿಯರಿಗೆ ಪುಕ್ಕಟೆ ಹಂಚದೆ ಪೂರ್ತಿ ಬೆಲೆಗೇ ಮಾರು. ದೀಪಾವಳಿಯ ಹೊತ್ತಿಗೆ ಅವರಲ್ಲಿ ಎಷ್ಟು ಜನ ತಾವಾಗಿ ಮತ್ತೆ ಕೇಳಿದರೆಂದು ಬರೆದಿಡು. ಖರ್ಚಿನ ಪಟ್ಟಿಯಲ್ಲಿ ನಿನ್ನ ಮತ್ತು ಅಮ್ಮನ ಕೂಲಿಯನ್ನೂ ಸೇರಿಸು, ಅದನ್ನು ಬಿಟ್ಟು ತೋರಿಸಿದ ಲಾಭವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಲೆಕ್ಕ ತೆಗೆದುಕೊಂಡು ಬಂದರೆ ರಾಜೀನಾಮೆಯ ಮಾತನ್ನು ಇಬ್ಬರೂ ಕುಳಿತು ಆಡೋಣ. ಅಷ್ಟರವರೆಗೆ ಅಮ್ಮನನ್ನು ಒಪ್ಪಿಸುವ ಹೊಣೆ ನನ್ನದು.

ಇತಿ,
ನಿನ್ನ ಸೋದರಮಾವ